ಕರೆಂಟ್ ಕೊಡುವುದು ಬೆಳಗ್ಗೆ ಒಳ್ಳೆಯದಾ, ಸಂಜೆಯಾ?

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರಿಗೆ ರೇಡಿಯೇಷನ್ (ನಮ್ಮ ಮಾತಿನಲ್ಲಿ ಕರೆಂಟ್) ಶುರುವಾದರೆ ಈಗ ನಮ್ಮ ಕಡೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಬೆಳಗ್ಗೆ ಕರೆಂಟ್ ಕೊಟ್ಟರೆ ತೊಂದರೆ ಕಡಿಮೆಯಂತೆ, ಹೌದಾ?" ಇನ್ನೊಂದು ಮನೆಗೆ ಸಂಜೆಯೇ ಒಳ್ಳೆಯದು ಅನ್ನುವ ವಾಟ್ಸಾಪ್ ಮೆಸೇಜ್ ಬಂದಿರುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆಯಿಂದ ದಿನಾ ಮಂಗಳೂರಿಗೋ ದೇರಳಕಟ್ಟೆಗೋ ಹೋಗಿ ಬರುವವರಿಗೆ ಇದು ಸುಮ್ನೆ ಕುತೂಹಲದ ಪ್ರಶ್ನೆ ಅಲ್ಲ. ಬೆಳಗ್ಗೆ 8ಕ್ಕೆ ಮೆಷಿನ್ ಹತ್ತಿರ ಇರಬೇಕಾದರೆ ಇನ್ನೂ ಕತ್ತಲಿರುವಾಗಲೇ ಮನೆ ಬಿಡಬೇಕು. ಸಂಜೆ 7ಕ್ಕೆ ಅಂದರೆ ವಾಪಸ್ ಕಾಸರಗೋಡಿಗೆ ಮುಟ್ಟುವಾಗ ಒಳಗಿನ ಊರುಗಳಿಗೆ ಬಸ್ಸೇ ಇರುವುದಿಲ್ಲ. ಇಷ್ಟು ಕಷ್ಟಪಟ್ಟು ಹೋಗುವವರಿಗೆ ಹೊತ್ತಿನ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಅಂತ ಯಾರಾದರೂ ಸರಿಯಾಗಿ ಬಿಡಿಸಿ ಹೇಳಬೇಕು.

ಮೊದಲೇ ಹೇಳಿಬಿಡುತ್ತೇನೆ. ಹೊತ್ತಿಗೂ ರೇಡಿಯೇಷನ್ನಿಗೂ ಸಂಬಂಧ ಇದೆ, ಇದು ಕಟ್ಟುಕತೆ ಅಲ್ಲ. ಆದರೆ ಎಲ್ಲರಿಗೂ ಒಳ್ಳೆಯದಾದ ಒಂದು ಹೊತ್ತು ಅಂತ ಇಲ್ಲ. ಬಾಯಿಗೆ ಒಳ್ಳೆಯದಾದ ಹೊತ್ತು ಕರುಳಿಗೆ ಕೆಟ್ಟದ್ದಾಗಬಹುದು. ಮೆಸೇಜುಗಳಲ್ಲಿ ಬಿಟ್ಟುಹೋಗುವುದು ಇದೇ.

ನಮ್ಮ ಮೈಯೊಳಗೆ ಗಡಿಯಾರ ಇದೆ ಅಂತ ಎಲ್ಲರೂ ಕೇಳಿರುತ್ತೇವೆ. ಮಿದುಳಿನ ಬುಡದಲ್ಲಿ, ಎರಡು ಕಣ್ಣಿನ ನರಗಳು ಕೂಡುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು ಇದೆ. ಕಣ್ಣಿಗೆ ಬೀಳುವ ಬೆಳಕಿನಿಂದ ಅದಕ್ಕೆ ಹಗಲು ರಾತ್ರಿ ಗೊತ್ತಾಗುತ್ತದೆ. ಆದರೆ ಗಡಿಯಾರ ಅಲ್ಲಿ ಮಾತ್ರ ಇಲ್ಲ. ಲಿವರ್, ಚರ್ಮ, ಕರುಳು, ಎಲುಬಿನ ಮಜ್ಜೆ, ಬಾಯಿಯ ಒಳಪದರ, ಹೆಚ್ಚುಕಡಿಮೆ ಎಲ್ಲಾ ಕಡೆಯ ಕೋಶಗಳಿಗೂ ಅವುಗಳದ್ದೇ ಗಡಿಯಾರ ಇದೆ. ಯಕ್ಷಗಾನದಲ್ಲಿ ಚೆಂಡೆಯ ಪೆಟ್ಟು ಬೇರೆ, ಮದ್ದಳೆಯ ಪೆಟ್ಟು ಬೇರೆ, ಆದರೂ ಎರಡೂ ಭಾಗವತರ ತಾಳಕ್ಕೆ ಕೂಡಿಕೊಳ್ಳುತ್ತವಲ್ಲ, ಇಲ್ಲಿಯೂ ಹಾಗೆಯೇ, ಒಂದೊಂದು ಅಂಗ ತನ್ನ ಕೆಲಸವನ್ನು ತನ್ನ ಹೊತ್ತಿಗೆ ಮಾಡಿಕೊಂಡು ಮಿದುಳಿನ ಆ ಗುಂಪಿನ ತಾಳಕ್ಕೆ ಹೊಂದಿಕೊಂಡಿರುತ್ತದೆ.

ಈ ತಾಳ ಹುಟ್ಟುವುದು ಜೀನುಗಳಿಂದ. ಕೆಲವು ಜೀನುಗಳು ಪ್ರೋಟೀನ್ ಮಾಡುತ್ತವೆ. ಪ್ರೋಟೀನ್ ಜಾಸ್ತಿಯಾದಾಗ ಅದೇ ವಾಪಸ್ ಬಂದು ಆ ಜೀನನ್ನು ತಡೆಯುತ್ತದೆ. ನಿಧಾನಕ್ಕೆ ಪ್ರೋಟೀನ್ ಕರಗುತ್ತದೆ, ತಡೆ ಬಿಡುತ್ತದೆ, ಪುನಃ ಶುರು. ಒಂದು ಸುತ್ತಿಗೆ ಸುಮಾರು 24 ಗಂಟೆ. ಹಣ್ಣಿನ ನೊಣಗಳಲ್ಲಿ ಇದನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕಲ್ ರೋಸ್‌ಬಾಶ್, ಮೈಕಲ್ ಯಂಗ್ ಮೂವರಿಗೆ 2017ರಲ್ಲಿ ನೊಬೆಲ್ ಸಿಕ್ಕಿತು.

ಇನ್ನು ರೇಡಿಯೇಷನ್ ಏನು ಮಾಡುತ್ತದೆ ನೋಡಿ. ಅದು ಕೋಶದೊಳಗಿನ ಡಿಎನ್ಎಯನ್ನು ಕಡಿಯುತ್ತದೆ. ಡಿಎನ್ಎಗೆ ಎರಡು ಎಳೆ. ಒಂದು ಎಳೆ ತುಂಡಾದರೆ ಕೋಶ ಸುಲಭವಾಗಿ ಸರಿಮಾಡಿಕೊಳ್ಳುತ್ತದೆ. ಒಂದೇ ಜಾಗದಲ್ಲಿ ಎರಡೂ ತುಂಡಾದರೆ ಕಷ್ಟ. ಸರಿಯಾಗದಿದ್ದರೆ ಮುಂದೆ ಎರಡಾಗಿ ಒಡೆಯಲು ಹೋದಾಗ ಕೋಶ ಸಾಯುತ್ತದೆ. ಒಡೆಯುವ ಕೆಲಸದಲ್ಲಿ ಇರುವ ಕೋಶಗಳಿಗೇ ಪೆಟ್ಟು ಜಾಸ್ತಿ ಅನ್ನುವುದನ್ನು ಬೆರ್ಗೋನಿಯೆ ಮತ್ತು ಟ್ರಿಬಾಂಡೋ ಎಂಬ ಫ್ರೆಂಚ್ ವೈದ್ಯರು 1906ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಕ್ಯಾನ್ಸರ್ ಕೋಶಗಳು ಜಾಸ್ತಿ ಸಾಯುವುದು ಇದೇ ಕಾರಣಕ್ಕೆ. ಬಾಯಿ ಹುಣ್ಣಾಗುವುದು, ಭೇದಿ ಆಗುವುದು, ಕರೆಂಟ್ ಬಿದ್ದ ಜಾಗದ ಕೂದಲು ಉದುರುವುದು ಕೂಡ ಇದೇ ಕಾರಣಕ್ಕೆ, ಯಾಕೆಂದರೆ ಬಾಯಿಯ ಪದರ, ಕರುಳಿನ ಪದರ, ಕೂದಲಿನ ಬೇರು ಇವು ಆರೋಗ್ಯವಂತ ದೇಹದಲ್ಲೂ ದಿನಾ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ.

ಅದರಲ್ಲೂ ಒಂದು ಸೂಕ್ಷ್ಮ ಇದೆ. ಕೋಶ ಮೊದಲು ತನ್ನ ಡಿಎನ್ಎಯ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತದೆ, ಆಮೇಲೆ ಸ್ವಲ್ಪ ಹೊತ್ತು ತಯಾರಿ, ಆಮೇಲೆ ಎರಡಾಗುತ್ತದೆ. ಪ್ರತಿ ಮಾಡುವ ಹಂತದ ಕೊನೆಯಲ್ಲಿ ರೇಡಿಯೇಷನ್ ಬಿದ್ದರೆ ಕೋಶ ಚೆನ್ನಾಗಿ ತಡೆದುಕೊಳ್ಳುತ್ತದೆ. ಒಡೆಯುವುದಕ್ಕೆ ತಯಾರಾದಾಗ, ಒಡೆಯುತ್ತಿರುವಾಗ ಬಿದ್ದರೆ ಅತಿ ಹೆಚ್ಚು ಪೆಟ್ಟು.

ಗಡಿಯಾರ ಇಲ್ಲಿ ಬಂದು ಸೇರುತ್ತದೆ. ಈ ಹಂತಗಳು ದಿನದ ಯಾವುದೋ ಹೊತ್ತಿಗೆ ಹೇಗೆಹೇಗೋ ನಡೆಯುವುದಿಲ್ಲ. ಆರೋಗ್ಯವಂತರ ಬಾಯಿಯ ಒಳಪದರದಿಂದ ದಿನವಿಡೀ ಬೇರೆ ಬೇರೆ ಹೊತ್ತಿಗೆ ಚೂರು ಚೂರು ತೆಗೆದು ಪರೀಕ್ಷೆ ಮಾಡಿದ್ದಾರೆ. ಅಲ್ಲಿ ಡಿಎನ್ಎ ಪ್ರತಿ ಮಾಡುವ ಕೆಲಸ ಮಧ್ಯಾಹ್ನ 3ರ ಹೊತ್ತಿಗೆ ಜೋರು, ಕೋಶ ಎರಡಾಗುವುದು ರಾತ್ರಿ 9ರ ಆಸುಪಾಸಿಗೆ. ಬೆಳಗ್ಗೆ ಹೊತ್ತು ಬಾಯಿಯ ಕೋಶಗಳು ಇನ್ನೂ ಪ್ರತಿ ಮಾಡುವುದಕ್ಕೂ ಮೊದಲಿನ ಹಂತದಲ್ಲಿರುತ್ತವೆ. ಹಾಗಾದರೆ ಗುದನಾಳದ ಪದರ? ಅಲ್ಲಿ ಉಲ್ಟಾ. ಡಿಎನ್ಎ ಪ್ರತಿ ಮಾಡುವ ಕೆಲಸ ಬೆಳಗ್ಗೆ 7ರ ಹೊತ್ತಿಗೆ ಜೋರಾಗಿರುತ್ತದೆ. ಒಂದೇ ಮನುಷ್ಯ, ಒಂದೇ ದಿನ, ಎರಡು ಕಡೆ ಎರಡು ವೇಳಾಪಟ್ಟಿ.

ಪ್ರಾಣಿಗಳಲ್ಲಿ ಈ ವ್ಯತ್ಯಾಸ ಬೆರಗಾಗುವಷ್ಟು ದೊಡ್ಡದು. 1960ರ ದಶಕದಲ್ಲೇ ಇಲಿಗಳಿಗೆ ಒಂದೇ ಪ್ರಮಾಣದ ರೇಡಿಯೇಷನ್ನನ್ನು ಹಗಲು ಒಂದು ಗುಂಪಿಗೆ, ರಾತ್ರಿ ಇನ್ನೊಂದು ಗುಂಪಿಗೆ ಕೊಟ್ಟು ನೋಡಿದ್ದರು, ಬದುಕಿ ಉಳಿಯುವುದರಲ್ಲೇ ವ್ಯತ್ಯಾಸ ಕಂಡಿತ್ತು. 2013ರಲ್ಲಿ ಅಮೆರಿಕದ ವಿಜ್ಞಾನಿಗಳು ಇನ್ನೊಂದು ಪ್ರಯೋಗ ಪ್ರಕಟಿಸಿದರು. ಒಡಿಶಾ ಮೂಲದ ಸಚ್ಚಿದಾನಂದ ಪಂಡಾ ಆ ತಂಡದಲ್ಲಿದ್ದರು. ಬೆಳಗ್ಗೆ ರೇಡಿಯೇಷನ್ ಪಡೆದ ಇಲಿಗಳ ಕೂದಲು ಶೇ. 85ರಷ್ಟು ಉದುರಿತು. ಅಷ್ಟೇ ಪ್ರಮಾಣ ಸಂಜೆ ಪಡೆದ ಇಲಿಗಳಲ್ಲಿ ಉದುರಿದ್ದು ಶೇ. 17 ಮಾತ್ರ. ಆ ಇಲಿಗಳ ಕೂದಲಿನ ಬೇರಿನ ಕೋಶಗಳು ಬೆಳಗ್ಗೆ ಜಾಸ್ತಿ ಒಡೆಯುತ್ತಿದ್ದವು, ಸಂಜೆ ಹೊತ್ತಿಗೆ ಅವುಗಳಿಗೆ ಡಿಎನ್ಎ ಸರಿಮಾಡಿಕೊಳ್ಳಲು ಪುರುಸೊತ್ತು ಇತ್ತು.

ಸಂಜೆ ಒಳ್ಳೆಯದು ಅನ್ನುವ ಮೆಸೇಜುಗಳಿಗೆ ಇಂಥ ಲೆಕ್ಕಗಳೇ ಆಧಾರ ಅಂತ ನನಗೆ ಅನಿಸುತ್ತದೆ. ಆದರೆ ಇಲಿ ರಾತ್ರಿ ಓಡಾಡುವ ಪ್ರಾಣಿ. ನಮ್ಮ ಬೆಳಗ್ಗೆ ಅದಕ್ಕೆ ಮಲಗುವ ಹೊತ್ತು. ಇಲಿಯ ಲೆಕ್ಕವನ್ನು ನೇರ ಮನುಷ್ಯನಿಗೆ ಹಾಕಿದರೆ ತಲೆಕೆಳಗಾಗುತ್ತದೆ. ಬಿಸಿಲಿನ ನೇರಳಾತೀತ ಕಿರಣದ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು. ಡಿಎನ್ಎ ರಿಪೇರಿಯ ಬಗ್ಗೆ ಕೆಲಸ ಮಾಡಿ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಅಜೀಜ್ ಸಂಜಾರ್ ಅವರ ಪ್ರಯೋಗಾಲಯ, ನಸುಕಿನ 4 ಗಂಟೆಗೆ ಆ ಕಿರಣ ಬಿದ್ದ ಇಲಿಗಳಿಗೆ ಸಂಜೆ 4ಕ್ಕೆ ಬಿದ್ದವಕ್ಕಿಂತ ತುಂಬಾ ಜಾಸ್ತಿ ಚರ್ಮದ ಕ್ಯಾನ್ಸರ್ ಬಂದದ್ದನ್ನು ತೋರಿಸಿತು. ಮನುಷ್ಯರಲ್ಲಿ ಆ ರಿಪೇರಿಯ ಹೊತ್ತು ಅದಲು ಬದಲಾಗಿರಬಹುದು ಅಂತ ಅವರೇ ಹೇಳಿದ್ದರು.

ಹಾಗಾಗಿ ಮನುಷ್ಯರ ಮೇಲೆ ನಡೆದ ಅಧ್ಯಯನಗಳನ್ನೇ ನೋಡಬೇಕು. ಇದರಲ್ಲಿ ಎರಡು ಮುಖ್ಯವಾದವು ನಡೆದದ್ದು ನಮ್ಮ ದೇಶದಲ್ಲೇ, ಲಖನೌದಲ್ಲಿ. ನಮ್ಮ ಕಡೆಯವರಿಗೆ ಇವು ಬೇಕಾದವೇ, ಯಾಕೆಂದರೆ ಒಂದು ಬಾಯಿ–ಗಂಟಲಿನ ಕ್ಯಾನ್ಸರಿನದ್ದು, ಇನ್ನೊಂದು ಗರ್ಭಕೋಶದ ಕೊರಳಿನ ಕ್ಯಾನ್ಸರಿನದ್ದು. ಎಲೆ ಅಡಿಕೆ ಹೊಗೆಸೊಪ್ಪು ಜಗಿಯುವ, ಬೀಡಿ ಸೇದುವ ಊರು ನಮ್ಮದು. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್ ತರುತ್ತದೆ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಅಡಿಕೆ ತೋಟದ ನಡುವೆ ಕೂತು ಇದನ್ನು ಬರೆಯುವುದು ಸುಲಭ ಅಲ್ಲ, ಆದರೆ ಬರೆಯದೆ ಇರುವುದು ಸರಿಯಲ್ಲ.

ಮೊದಲನೆಯದು 2009ರದ್ದು. ಬಾಯಿ–ಗಂಟಲಿನ ಕ್ಯಾನ್ಸರಿನ 212 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆಳಗ್ಗೆ 8ರಿಂದ 11ರ ಒಳಗೆ, ಇನ್ನೊಂದಕ್ಕೆ ಮಧ್ಯಾಹ್ನ 3ರಿಂದ 6ರ ಒಳಗೆ ರೇಡಿಯೇಷನ್ ಕೊಟ್ಟರು. ಗಂಜಿ ನೀರು ನುಂಗಲೂ ಆಗದಂಥ ಜೋರು ಬಾಯಿಹುಣ್ಣು ಬೆಳಗ್ಗಿನ ಗುಂಪಿನಲ್ಲಿ ಶೇ. 26 ಜನರಿಗೆ, ಸಂಜೆಯ ಗುಂಪಿನಲ್ಲಿ ಶೇ. 38 ಜನರಿಗೆ ಆಯಿತು. ಅದೇ ವರ್ಷ ಕೆನಡಾದಿಂದ ಬಂದ ಅಧ್ಯಯನದಲ್ಲೂ ಇದೇ ದಿಕ್ಕು. ಅಲ್ಲಿ ಬೆಳಗ್ಗಿನವರಲ್ಲಿ ಶೇ. 52.9, ಸಂಜೆಯವರಲ್ಲಿ ಶೇ. 62.4. ಚಿಕಿತ್ಸೆ ನಡೆಯುತ್ತಿರುವಾಗಲೂ ಸಿಗರೇಟ್ ಬಿಡದವರಲ್ಲಿ ವ್ಯತ್ಯಾಸ ಇನ್ನೂ ದೊಡ್ಡದಿತ್ತು.

ಎರಡನೆಯದು 2010ರದ್ದು. ಗರ್ಭಕೋಶದ ಕೊರಳಿನ ಕ್ಯಾನ್ಸರಿನ 229 ಹೆಂಗಸರು. ಕಿಬ್ಬೊಟ್ಟೆಗೆ ರೇಡಿಯೇಷನ್ ಕೊಡುವಾಗ ಕರುಳಿಗೂ ತಾಗುತ್ತದೆ, ಭೇದಿ ಶುರುವಾಗುತ್ತದೆ. ಬೆಳಗ್ಗೆ 8ರಿಂದ 10ರ ಒಳಗೆ ಪಡೆದವರಲ್ಲಿ ಶೇ. 87 ಜನರಿಗೆ ಭೇದಿ ಆಯಿತು. ಸಂಜೆ 6ರಿಂದ 8ರ ಒಳಗೆ ಪಡೆದವರಲ್ಲಿ ಶೇ. 68 ಜನರಿಗೆ. ಜೋರಾದ ಭೇದಿ ಬೆಳಗ್ಗೆ ಶೇ. 14, ಸಂಜೆ ಶೇ. 5. ಇಲ್ಲಿ ಸಂಜೆಯೇ ಒಳ್ಳೆಯದು!

ಬಾಯಿಗೆ ಬೆಳಗ್ಗೆ, ಕರುಳಿಗೆ ಸಂಜೆ. ಮೇಲೆ ಹೇಳಿದ ಕೋಶಗಳ ವೇಳಾಪಟ್ಟಿಗೆ ಇದು ತಾಳೆ ಆಗುತ್ತದೆ ಅಲ್ವಾ. ಬೇರೆ ಬೇರೆ ಕಡೆ ಬೇರೆ ಬೇರೆ ಜನ ಮಾಡಿದ ಕೆಲಸ ಹೀಗೆ ಒಂದಕ್ಕೊಂದು ಕೂಡುವುದನ್ನು ನೋಡಿ ನನಗೆ ನಂಬಿಕೆ ಹುಟ್ಟಿತು.

ಆದರೂ ಜಾಸ್ತಿ ಹಿಗ್ಗಬಾರದು. ಬಾಯಿಯ ಎರಡು ಅಧ್ಯಯನಗಳಲ್ಲೂ ಒಟ್ಟು ವ್ಯತ್ಯಾಸ ಸಂಖ್ಯಾಶಾಸ್ತ್ರದ ಗಡಿ ದಾಟಲಿಲ್ಲ. ಅಂದರೆ ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬಂದಿರಬಹುದು ಅನ್ನುವ ಸಂಶಯವನ್ನು ಪೂರ್ತಿ ತೆಗೆದುಹಾಕಲು ಆ ಸಂಖ್ಯೆಗಳು ಸಾಕಾಗಲಿಲ್ಲ. ಕರುಳಿನದ್ದು ಆ ಗಡಿ ದಾಟಿದೆ. ಸ್ತನದ ಕ್ಯಾನ್ಸರಿನಲ್ಲಿ ಚರ್ಮ ಸುಡುವುದರ ಬಗ್ಗೆ ಬಂದ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಮಿದುಳಿಗೆ ಹರಡಿದ ಕ್ಯಾನ್ಸರಿನಲ್ಲಿ ಬೆಳಗ್ಗೆ ಕೊಟ್ಟರೆ ಒಳ್ಳೆಯದು ಅಂತ ಒಂದು ಕಡೆ ಕಂಡದ್ದು ಇನ್ನೊಂದು ಕಡೆ ಕಾಣಲಿಲ್ಲ.

ಇದೆಲ್ಲ ಅಡ್ಡಪರಿಣಾಮದ ಮಾತಾಯಿತು. ಗಡ್ಡೆ ಕರಗುವುದರ ಕತೆ ಏನು? ಕ್ಯಾನ್ಸರ್ ಕೋಶಗಳಲ್ಲಿ ಈ ಗಡಿಯಾರ ಎಷ್ಟೋ ಸಲ ಕೆಟ್ಟಿರುತ್ತದೆ. ಅವು ಹೊತ್ತು ಗೊತ್ತು ನೋಡದೆ ಒಡೆಯುತ್ತಲೇ ಇರುತ್ತವೆ. ಹಾಗಿದ್ದಲ್ಲಿ ಯಾವ ಹೊತ್ತಿಗೆ ಕೊಟ್ಟರೂ ಗಡ್ಡೆಗೆ ಪೆಟ್ಟು ಒಂದೇ, ಆದರೆ ಒಳ್ಳೆಯ ಕೋಶಗಳಿಗೆ ಬೀಳುವ ಪೆಟ್ಟನ್ನು ಹೊತ್ತು ನೋಡಿ ಕಡಿಮೆ ಮಾಡಬಹುದು. ಸಂಶೋಧಕರ ಆಸೆ ಇರುವುದು ಇಲ್ಲಿ. ಔಷಧ ಹೊಸದಲ್ಲ, ಮೆಷಿನ್ ಹೊಸದಲ್ಲ, ಖರ್ಚು ಇಲ್ಲ, ಹೊತ್ತು ಮಾತ್ರ ಬದಲು. ಆದರೆ ಎಲ್ಲಾ ಗಡ್ಡೆಗಳಲ್ಲೂ ಗಡಿಯಾರ ಪೂರ್ತಿ ಕೆಟ್ಟಿರುವುದಿಲ್ಲ, ಹಾಗಾಗಿ ಒಂದೊಂದು ಕ್ಯಾನ್ಸರಿಗೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಯೇ ತೀರಬೇಕು.

ಇನ್ನೊಂದು ತೊಡಕು ಇದೆ. ಗೋಡೆಯ ಗಡಿಯಾರದ 8 ಗಂಟೆ ಎಲ್ಲರ ಮೈಗೂ 8 ಗಂಟೆ ಅಲ್ಲ. ಮೇಳದ ತಿರುಗಾಟದಲ್ಲಿ ರಾತ್ರಿ ಇಡೀ ವೇಷ ಹಾಕಿ ಬೆಳಗ್ಗೆ ಮಲಗುವ ಕಲಾವಿದರ ಬೆಳಗ್ಗೆ ಬೇರೆ, ನಸುಕಿಗೆ ಎದ್ದು ರಬ್ಬರ್ ಟ್ಯಾಪಿಂಗಿಗೆ ಹೋಗುವವರ ಬೆಳಗ್ಗೆ ಬೇರೆ. ಆಸ್ಪತ್ರೆಯ ನೈಟ್ ಡ್ಯೂಟಿಯ ನರ್ಸ್, ರಾತ್ರಿ ಬೋಟಿಗೆ ಹೋಗುವವರು, ಕಾವಲುಗಾರರು, ಇವರೆಲ್ಲರ ಗಡಿಯಾರ ಸರಿದಿರುತ್ತದೆ. ದುಬೈಯಿಂದ ನಿನ್ನೆ ಬಂದು ಇಳಿದವರ ಮೈ ಒಂದೂವರೆ ಗಂಟೆ ಹಿಂದೆ ಇರುತ್ತದೆ, ಅದು ಬೇಗ ಸರಿಹೋಗುವಂಥದ್ದು. ರಂಜಾನ್ ತಿಂಗಳಲ್ಲಿ ಊಟ ನಿದ್ದೆ ಎರಡೂ ಸರಿಯುತ್ತವೆ, ಕರುಳಿನ ಮತ್ತು ಲಿವರಿನ ಗಡಿಯಾರಕ್ಕೆ ಊಟದ ಹೊತ್ತೇ ದೊಡ್ಡ ಸೂಚನೆ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡುವುದು ಕ್ಯಾನ್ಸರ್ ತರುವ ಸಾಧ್ಯತೆ ಇದೆ ಅಂತ ಅದೇ ಅಂತಾರಾಷ್ಟ್ರೀಯ ಸಂಸ್ಥೆ 2007ರಲ್ಲಿ ಹೇಳಿ, 2019ರಲ್ಲಿ ಪುನಃ ಪರಿಶೀಲಿಸಿ ಅದನ್ನೇ ಉಳಿಸಿಕೊಂಡಿದೆ. ಆದ್ದರಿಂದ ಬೆಳಗ್ಗೆ, ಸಂಜೆ ಅಂತ ಎರಡೇ ಗುಂಪು ಮಾಡುವ ಅಧ್ಯಯನಗಳಲ್ಲಿ ಫಲಿತಾಂಶ ಮಸುಕಾಗುವುದು ಸಹಜ. ರೋಗಿ ಎಷ್ಟು ಹೊತ್ತಿಗೆ ಮಲಗಿ ಏಳುತ್ತಾರೆ ಅಂತ ಕೇಳದೆ ಹೊತ್ತಿನ ಅಧ್ಯಯನ ಮಾಡಿದರೆ ಅರ್ಧ ಕೆಲಸ ಬಿಟ್ಟ ಹಾಗೆ.

ಈಗ ನಮಗೆ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಹೊತ್ತಿಗಿಂತ ದೊಡ್ಡದು ದಿನ. ಬಾಯಿ–ಗಂಟಲಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ) ಲೆಕ್ಕದಲ್ಲಿ, ವಾರಕ್ಕೆ 5 ದಿನ, 6ರಿಂದ 7 ವಾರ ರೇಡಿಯೇಷನ್ ಇರುತ್ತದೆ. ಈ ಕೋರ್ಸ್ ಎಳೆದಷ್ಟೂ ಉಳಿದ ಕ್ಯಾನ್ಸರ್ ಕೋಶಗಳು ಪುನಃ ಬೆಳೆಯುತ್ತವೆ. ಬಾಯಿ–ಗಂಟಲಿನ ಕ್ಯಾನ್ಸರಿನಲ್ಲಿ ಒಂದು ದಿನ ತಡವಾದರೆ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಿಂದ 1.4ರಷ್ಟು ಕಡಿಮೆ ಆಗುತ್ತದೆ ಅನ್ನುವುದು ಹಳೆಯ, ಗಟ್ಟಿಯಾದ ಲೆಕ್ಕ. ಗರ್ಭಕೋಶದ ಕೊರಳಿನ ಕ್ಯಾನ್ಸರಿನಲ್ಲಿ ಒಳಗಿಟ್ಟು ಕೊಡುವ ರೇಡಿಯೇಷನ್ನೂ ಸೇರಿ 8 ವಾರದೊಳಗೆ ಎಲ್ಲಾ ಮುಗಿಯಬೇಕು ಅಂತ ವೈದ್ಯರು ಹೇಳುತ್ತಾರೆ. ಒಳ್ಳೆಯ ಹೊತ್ತು ಸಿಗಲಿ ಅಂತ ಒಂದು ವಾರ ಕಾದರೆ, ಹುಣ್ಣು ಸ್ವಲ್ಪ ಕಡಿಮೆ ಆಗುವ ಆಸೆಗೆ ಗುಣವಾಗುವ ಅವಕಾಶವನ್ನೇ ಬಿಟ್ಟುಕೊಟ್ಟ ಹಾಗೆ ಆಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಕೇರಳ–ಕರ್ನಾಟಕ ಗಡಿಯಲ್ಲಿ, ಕೇರಳದ ಕಡೆ ಇರುವ ನಮಗೆ ದಿನ ತಪ್ಪುವುದು ಅಂದರೆ ಏನು ಅಂತ ಗೊತ್ತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ತಲಪಾಡಿಯ ದಾರಿ ಮುಚ್ಚಿತು. ಆಂಬುಲೆನ್ಸ್‌ಗಳಿಗೂ ಮಂಗಳೂರಿಗೆ ದಾಟಲು ಆಗಲಿಲ್ಲ, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಡಯಾಲಿಸಿಸ್‌ನವರು, ಹೃದಯದ ಕಾಯಿಲೆಯವರು, ಕರೆಂಟ್ ಅರ್ಧದಲ್ಲಿ ಇದ್ದವರು ಎಲ್ಲರೂ ಈ ಕಡೆಯೇ ಸಿಕ್ಕಿಬಿದ್ದರು. ಆ ವರ್ಷದ್ದು ದೊಡ್ಡ ಸಂಗತಿ, ಎಲ್ಲರಿಗೂ ನೆನಪಿದೆ. ಆದರೆ ಸಣ್ಣ ಸಣ್ಣದಾಗಿ ದಿನ ತಪ್ಪುವುದು ಈಗಲೂ ಇದೆ. ಹರತಾಳ ಬಂದರೆ ಬಸ್ಸಿಲ್ಲ. ಜೋರು ಮಳೆಗೆ ರಸ್ತೆ ಬ್ಲಾಕ್. ಜೊತೆಗೆ ಬರುವವರಿಗೆ ಅವತ್ತು ಕೂಲಿ ಬಿಡಲು ಆಗುವುದಿಲ್ಲ. ತಲಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ನಮ್ಮ ರಾಜ್ಯದ್ದೇ, ಆದರೆ ಮಂಜೇಶ್ವರ, ಉಪ್ಪಳದವರಿಗೆ ಅದು ನೂರು ಕಿಲೋಮೀಟರಿಗೂ ಜಾಸ್ತಿ ದೂರ, ಮಂಗಳೂರೇ ಹತ್ತಿರ. ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್ ಅಂದರೆ ರಾಜ್ಯದ ಇನ್ನೊಂದು ತುದಿ.

ಹಾಗಾಗಿ ರೋಗಿಯ ಮನೆಯವರು ಡಾಕ್ಟರ ಹತ್ತಿರ ಏನು ಕೇಳಬಹುದು? "ಡಾಕ್ಟ್ರೇ, ನಮಗೆ ಬೆಳಗ್ಗಿನ ಹೊತ್ತು ಸಿಗಬಹುದಾ" ಅಂತ ಬಾಯಿ–ಗಂಟಲಿನವರು ಕೇಳುವುದರಲ್ಲಿ ತಪ್ಪಿಲ್ಲ. ಕಿಬ್ಬೊಟ್ಟೆಯವರು ಸಂಜೆಯದ್ದು ಕೇಳಬಹುದು. ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಹೆದರಬೇಕಾದ್ದು ಏನೂ ಇಲ್ಲ, ಗುಣವಾಗುವುದಕ್ಕೆ ಅದರಿಂದ ಅಡ್ಡಿ ಅಂತ ಆ ಅಧ್ಯಯನಗಳಲ್ಲಿ ಕಂಡಿಲ್ಲ. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದ್ದು, ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೊಡುತ್ತಾರಾ, ಮೆಷಿನ್ ಕೆಟ್ಟರೆ ತಪ್ಪಿದ ದಿನವನ್ನು ಹೇಗೆ ತುಂಬಿಸುತ್ತಾರೆ ಅಂತ. ರಾತ್ರಿ ಪಾಳಿಯವರಾದರೆ ಅದನ್ನು ಡಾಕ್ಟರಿಗೆ ಹೇಳಿ. ಬಾಯಿಗೆ ಕರೆಂಟ್ ತಗೊಳ್ಳುವವರು ಬೀಡಿ, ಸಿಗರೇಟ್, ಎಲೆ ಅಡಿಕೆ ಅವತ್ತೇ ಬಿಡಬೇಕು.

ಎಕ್ಸ್‌ರೇ, ಸಿಟಿ ಸ್ಕ್ಯಾನಿಗೂ ಹೊತ್ತು ನೋಡಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ. ಒಂದು ಎದೆಯ ಎಕ್ಸ್‌ರೇ ಅಂದರೆ 0.1 ಮಿಲಿಸೀವರ್ಟಿಗೂ (ಮೈಗೆ ಬೀಳುವ ರೇಡಿಯೇಷನ್ನಿನ ಅಳತೆ) ಕಡಿಮೆ, ಸುಮ್ನೆ ಭೂಮಿಯ ಮೇಲೆ ಬದುಕಿರುವುದಕ್ಕೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ನಮಗೆ ಬೀಳುತ್ತದೆ. ಹೊಟ್ಟೆಯ ಸಿಟಿಗೆ ಸುಮಾರು 10. ಡಾಕ್ಟರು ಬೇಕು ಅಂದಾಗ ಮಾಡಿಸಿ, ಬೇಡವಾದಲ್ಲಿ ಯಾವ ಹೊತ್ತಿಗೂ ಬೇಡ.

ಇನ್ನು ಆಸ್ಪತ್ರೆಗಳ ಕಡೆಯಿಂದ ಆಗಬೇಕಾದ್ದು. ಈಗ ರೇಡಿಯೇಷನ್ ಕೊಡುವ ಲಿನ್ಯಾಕ್ ಮೆಷಿನ್‌ಗಳ ಕಂಪ್ಯೂಟರಿನಲ್ಲಿ ಒಬ್ಬೊಬ್ಬ ರೋಗಿಗೆ ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ರೇಡಿಯೇಷನ್ ಕೊಟ್ಟರು ಅನ್ನುವುದು ತಾನಾಗಿಯೇ ದಾಖಲಾಗುತ್ತದೆ. ಬಾಯಿಹುಣ್ಣು, ಭೇದಿ ಎಷ್ಟರಮಟ್ಟಿಗೆ ಇತ್ತು ಅಂತ ಡಾಕ್ಟರು ವಾರವಾರ ಫೈಲಿನಲ್ಲಿ ಬರೆಯುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಕರಾವಳಿಯ ರೋಗಿಗಳ ಬಗ್ಗೆಯೇ ಎಷ್ಟೋ ತಿಳಿಯುತ್ತದೆ. ಬಾಯಿಯ ಕ್ಯಾನ್ಸರಿನವರೂ ಗರ್ಭಕೋಶದ ಕೊರಳಿನ ಕ್ಯಾನ್ಸರಿನವರೂ ಒಂದೇ ಮೆಷಿನ್ನಿಗೆ ಬರುವ ಆಸ್ಪತ್ರೆಗಳಲ್ಲಿ, ರೋಗಿಗಳ ಒಪ್ಪಿಗೆ ಪಡೆದು, ಮೊದಲನೆಯವರನ್ನು ಬೆಳಗ್ಗೆಗೂ ಎರಡನೆಯವರನ್ನು ಸಂಜೆಗೂ ಹಾಕಿ ಒಂದು ಸರಿಯಾದ ಅಧ್ಯಯನ ಮಾಡಲು ದೊಡ್ಡ ಖರ್ಚು ಬೇಕಾಗಿಲ್ಲ. ಲಖನೌದಲ್ಲಿ 15 ವರ್ಷಕ್ಕೂ ಹಿಂದೆ ಆದದ್ದು ಮೆಡಿಕಲ್ ಕಾಲೇಜುಗಳು ತುಂಬಿರುವ ಮಂಗಳೂರಿನಲ್ಲಿ ಆಗದೇ?

ಒಂದು ಮಾತ್ರ ಮರೆಯಬಾರದು. ಸಂಜೆಯ ಹೊತ್ತು ಸಿಕ್ಕುವುದು ಹೆಂಗಸರಿಗೆ, ಅದರಲ್ಲೂ ಎಷ್ಟೋ ಜನ ಒಬ್ಬರೇ ಬಸ್ಸಿನಲ್ಲಿ ಬರುವವರು. ರಾತ್ರಿ 7 ಗಂಟೆಗೆ ಮೆಷಿನ್ನಿಂದ ಇಳಿದು, ಭೇದಿಯ ಭಯ ಇಟ್ಟುಕೊಂಡು, ತಲಪಾಡಿ ದಾಟಿ, ಕಾಸರಗೋಡಿನಲ್ಲಿ ಇಳಿದು, ಅಲ್ಲಿಂದ ಎಣ್ಮಕಜೆಗೋ ಬೆಳ್ಳೂರಿಗೋ ಹೋಗುವುದು ಹೇಗೆ? ಆಸ್ಪತ್ರೆಯ ಹತ್ತಿರ ಕಡಿಮೆ ಬಾಡಿಗೆಗೆ ಉಳಿಯುವ ಜಾಗವೋ, ಗಡಿಯ ಈಚೆಗೆ ತಂದುಬಿಡುವ ವಾಹನವೋ ಮೊದಲು ಆಗಬೇಕು, ಸಂಜೆಯ ಹೊತ್ತನ್ನು ಅದರ ಮೇಲೆ ನಿಗದಿ ಮಾಡಬೇಕು. ಎಣ್ಮಕಜೆ, ಬೆಳ್ಳೂರು ಎರಡೂ ಪಂಚಾಯತ್‌ಗಳು ಮನಸ್ಸು ಮಾಡಿದರೆ ಆಗುವಂಥ ಕೆಲಸ, ಈ ವರ್ಷದ ಯೋಜನೆಯಲ್ಲೇ ಕೇಳಬಹುದು.